ಅಂತರಿಕ್ಷದಲ್ಲಿ ಎಲೆಗಳ ಮರ್ಮರ

ತಿಳಿಯಾದ ನೀರು. ಅದರ ಮೇಲೆ ಒಂದು ಎಲೆ ಮೆಲ್ಲನೆ ತೇಲಿಬಂದು ಮರೆಯಾಗುತ್ತದೆ. ನೀರಿನಡಿಯಲ್ಲಿ ಹಸುರು ಹುಲ್ಲಿನ ನೀಳವಾದ ಎಳೆಗಳು, ಯಾರೋ ಹೆರಳು ಬಿಚ್ಚಿ ಹರಡಿದಂತೆ, ಅತ್ತಿತ್ತ ಓಲಾಡುತ್ತಿವೆ. ಎಲ್ಲಿಯೋ ಹಕ್ಕಿಯೊಂದು ಕೂಗುತ್ತದೆ. ದಡದಲ್ಲಿ ಮಂಜು, ಮಂಜಿನ ನಡುವೆ ಒಬ್ಬ ಮನುಷ್ಯ. ಅವನು ಏನನ್ನೂ ಮಾಡುವುದಿಲ್ಲ, ಯಾರೊಡನೆಯೂ ಮಾತನಾಡುವುದಿಲ್ಲ, ಸುಮ್ಮನೆ ನಿಂತಿದ್ದಾನೆ.

ಅಂತರಿಕ್ಷಯಾನವನ್ನು ಕುರಿತ ಚಲಚ್ಚಿತ್ರವೊಂದು ಹೀಗೆ ಆರಂಭವಾಗುತ್ತದೆಂದರೆ ಯಾರು ತಾನೆ ನಂಬಿಯಾರು? ಕಳೆದ ಮಳೆಗಾಲದ ಒಂದು ಸಂಜೆ ನಡುಮನೆಯ ದೀಪವಾರಿಸಿ, ಮನೆಮಂದಿಯೆಲ್ಲ ಕುಳಿತು ಈ ಚಿತ್ರವನ್ನು ನೋಡತೊಡಗಿದಾಗ, ಆಗತಾನೇ ಕಾಲೇಜಿನ ಮೆಟ್ಟಿಲೇರಿದ್ದ ನನ್ನ ಮಗನೂ ನಂಬಲಿಲ್ಲ. ಹತ್ತು ನಿಮಿಷ ಕಾದು, “ಅಪ್ಪಾ, ರಾಕೆಟ್ ಯಾವಾಗ ಹೊರಡುತ್ತೆ?” ಎಂದು ಕೇಳಿದ. ಎಂಬತ್ತು ದಾಟಿದ ನನ್ನ ತಾಯಿ ಮಾತ್ರ ತೆರೆಯಿಂದ ಕಣ್ಣು ಕೀಳದೆ, “ಸ್ವಲ್ಪ ಸುಮ್ನಿರೋ. ಆ ನೀರು ನೋಡು, ಎಷ್ಟು ಚೆನ್ನಾಗಿದೆ” ಎಂದರು.

ಈ ಚಿತ್ರದ ಬಗೆಗೆ ಅರ್ಧ ಶತಮಾನದಿಂದ ನಡೆದುಬಂದಿರುವ ವಾದ–ವಿವಾದಗಳೆಲ್ಲ ಅಜ್ಜಿ–ಮೊಮ್ಮಗನ ಈ ಎರಡು ಮಾತುಗಳಲ್ಲಿ ಅಡಗಿವೆಯೆಂದು ನನಗೆ ಆಮೇಲೆ ಅನಿಸಿತು. ಚಿತ್ರದ ಹೆಸರು ‘ಸೊಲಾರಿಸ್’. 1972ರಲ್ಲಿ ಅಂದಿನ ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು. ನಿರ್ದೇಶಕರು ಆಂದ್ರೆ ತಾರ್ಕೋವ್‌ಸ್ಕಿ. ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಮಹಾಪ್ರಶಸ್ತಿಯನ್ನು ಪಡೆದ ಚಿತ್ರವಿದು. ಎರಡು ಮುಕ್ಕಾಲು ಗಂಟೆ ಓಡುತ್ತದೆ. ‘ಓಡುತ್ತದೆ’ ಎಂಬ ಮಾತು ಇದಕ್ಕೆ ಅಷ್ಟಾಗಿ ಸಲ್ಲದು.

ಮನಸ್ಸನ್ನು ಓದುವ ಕಡಲು

ಕಥೆ ಪೋಲೆಂಡಿನ ಲೇಖಕ ಸ್ತಾನಿಸ್ಲಾವ್ ಲೆಮ್ ಅವರ ಕಾದಂಬರಿಯದು. ಯೂರಿ ಗಗಾರಿನ್ ಭೂಮಿಯನ್ನು ಸುತ್ತಿಬಂದ 1961ರಲ್ಲಿಯೇ ಆ ಕಾದಂಬರಿಯೂ ಪ್ರಕಟವಾಯಿತು. ದೂರದ ಸೊಲಾರಿಸ್ ಎಂಬ ಗ್ರಹವನ್ನು ಒಂದು ಮಹಾಸಾಗರ ಆವರಿಸಿದೆ. ಆ ಸಾಗರ ಬರಿಯ ನೀರಲ್ಲ, ಆಲೋಚಿಸಬಲ್ಲ ಒಂದು ಜೀವ. ಅದರ ಮೇಲೆ ತೂಗಾಡುವ ನಿಲ್ದಾಣದಲ್ಲಿ ಮನುಷ್ಯರು ವರ್ಷಗಳಿಂದ ಸಂಶೋಧನೆ ನಡೆಸಿದ್ದಾರೆ. ಆದರೆ ಅದರ ಗುಟ್ಟು ಒಡೆದಿಲ್ಲ. ಈಗ ಅಲ್ಲಿ ಉಳಿದಿರುವವರು ಮೂವರೇ. ಅವರಿಂದ ಬರುವ ವರದಿಗಳು ವಿಚಿತ್ರವಾಗಿವೆ. ನಿಲ್ದಾಣವನ್ನು ಮುಚ್ಚಬೇಕೆ ಬೇಡವೆ ಎಂಬುದನ್ನು ನಿಶ್ಚಯಿಸಲು ಕ್ರಿಸ್ ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞ ಹೊರಡುತ್ತಾನೆ. ಕೊಳದ ದಡದಲ್ಲಿ ನಿಂತಿದ್ದ ಮನುಷ್ಯ ಅವನೇ.

ನಿಲ್ದಾಣವನ್ನು ತಲುಪುವ ವೇಳೆಗೆ ಮೂವರಲ್ಲಿ ಒಬ್ಬನಾದ ಗಿಬಾರಿಯನ್ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಉಳಿದಿಬ್ಬರು, ಸ್ನೌತ್ ಮತ್ತು ಸಾರ್ಟೋರಿಯಸ್, ಏನನ್ನೋ ಮುಚ್ಚಿಡುತ್ತಿದ್ದಾರೆ. ಆ ರಹಸ್ಯ ಕ್ರಿಸ್‌ಗೆ ತಿಳಿಯಲು ಒಂದು ರಾತ್ರಿಯ ನಿದ್ದೆ ಸಾಕಾಯಿತು. ಎಚ್ಚರಗೊಂಡಾಗ ಎದುರಿನ ಕುರ್ಚಿಯಲ್ಲಿ ಅವನ ಹೆಂಡತಿ ಖಾರಿ ಕುಳಿತಿದ್ದಾಳೆ. ಹತ್ತು ವರ್ಷಗಳ ಹಿಂದೆ, ಗಂಡನೊಡನೆ ಜಗಳವಾಗಿ, ಅವನು ಮನೆಯಲ್ಲಿ ಬಿಟ್ಟುಹೋಗಿದ್ದ ವಿಷವನ್ನು ಸೂಜಿಯಿಂದ ಚುಚ್ಚಿಕೊಂಡು ಸತ್ತವಳು! ತೋಳಿನಲ್ಲಿ ಆ ಸೂಜಿಯ ಗುರುತು ಹಾಗೆಯೇ ಇದೆ. ಸಾಗರವು ಮಲಗಿದವರ ಮನಸ್ಸಿನೊಳಗಿಳಿದು, ಅವರು ಮರೆಯಬೇಕೆಂದಿದ್ದುದನ್ನು ಹೊರತೆಗೆದು, ರಕ್ತಮಾಂಸವಿತ್ತು ಅವರ ಮುಂದೆಯೇ ನಿಲ್ಲಿಸುತ್ತದೆ.

ಭೂತಪ್ರೇತದ ಕಥೆಯಾಗಿ ಇದನ್ನು ಹೇಳುವುದು ಸುಲಭ. ಯಂತ್ರಗಳ ಬೆರಗನ್ನು ತೋರಿಸುವ ನೆಪವಾಗಿ ಬಳಸುವುದು ಇನ್ನೂ ಸುಲಭ. ತಾರ್ಕೋವ್‌ಸ್ಕಿ ಎರಡನ್ನೂ ಮಾಡಲಿಲ್ಲ. ಒಬ್ಬ ಮನುಷ್ಯ ತನ್ನ ಬಳಿಯಿದ್ದುದನ್ನು ಸರಿಯಾಗಿ ನೋಡದೆ ಕಳೆದುಕೊಂಡು, ಭೂಮಿಯಿಂದ ಬಹುದೂರದಲ್ಲಿ ಮತ್ತೆ ನೋಡಲು ಕಲಿಯುವ ಕಥೆಯನ್ನಾಗಿ ಅದನ್ನು ಮಾರ್ಪಡಿಸಿದರು. ಚಿತ್ರದ ಸೌಂದರ್ಯವನ್ನೂ ಅದರ ನಿಧಾನಗತಿಯನ್ನೂ ಇದರ ಬೆಳಕಿನಲ್ಲಿಯೇ ಅರ್ಥಮಾಡಿಕೊಳ್ಳಬೇಕು.

ಚಹದ ಬಟ್ಟಲಿನಲ್ಲಿ ಮಳೆ

ಚಿತ್ರದ ಮೊದಲ 40 ನಿಮಿಷಗಳಷ್ಟು ಕಾಲ ನಾವು ಭೂಮಿಯನ್ನು ಬಿಟ್ಟು ಕದಲುವುದಿಲ್ಲ. ಕಾದಂಬರಿಯಲ್ಲಿ ಈ ಭಾಗವೇ ಇಲ್ಲ. ಅಲ್ಲಿ ಕಥೆ ವ್ಯೋಮಯಾನದಿಂದಲೇ ಮೊದಲಾಗುತ್ತದೆ. ಮಾಸ್ಕೋ ನಗರದ ಸಮೀಪದ ಜ್ವೆನಿಗೊರೊದ್ ಪರಿಸರದಲ್ಲಿ ಚಿತ್ರಿಸಿದ ಈ ದೃಶ್ಯಗಳಲ್ಲಿ ಒಂದು ಮರದ ಮನೆಯಿದೆ, ಕೊಳವಿದೆ, ಓಕ್ ಮರಗಳಿವೆ, ಎತ್ತಲಿಂದಲೋ ಬಂದು ಹೋಗುವ ಒಂದು ಕುದುರೆಯಿದೆ. ಮುದಿಯಾದ ತಂದೆಯಿದ್ದಾನೆ. ಮಗ ಮರಳಿ ಬರುವವರೆಗೆ ತಾನು ಬದುಕಿರಲಾರೆನೆಂಬುದು ತಂದೆಗೆ ಗೊತ್ತು. ಮಗನಿಗೂ ಗೊತ್ತು. ಆದರೂ ಹೊರಡುವ ಹಿಂದಿನ ದಿನ ಅವರಿಬ್ಬರ ನಡುವೆ ಬಿರುನುಡಿಗಳಲ್ಲದೆ ಬೇರೇನೂ ಆಗುವುದಿಲ್ಲ. ಮಗನನ್ನೋ ಮಗಳನ್ನೋ ದೂರದೇಶಕ್ಕೆ ಕಳುಹಿಸಿಕೊಟ್ಟ ಮನೆಗಳಲ್ಲಿ ಈ ಮೌನದ ಪರಿಚಯ ಇಲ್ಲದಿಲ್ಲ.

ಆ ದಿನ ಇದ್ದಕ್ಕಿದ್ದಂತೆ ಮಳೆ ಸುರಿಯುತ್ತದೆ. ಉಳಿದವರು ಒಳಗೆ ಓಡುತ್ತಾರೆ. ಕ್ರಿಸ್ ಜಗಲಿಯಲ್ಲಿಯೇ ತೊಯ್ಯುತ್ತ ಕೂರುತ್ತಾನೆ. ಮೇಜಿನ ಮೇಲೆ ಕಚ್ಚಿಟ್ಟ ಸೇಬು, ಕುಡಿದು ಮುಗಿಸದ ಚಹ. ಬಟ್ಟಲಿನೊಳಕ್ಕೆ ಹನಿಗಳು ಬಿದ್ದು ಪುಟ್ಟ ಪುಟ್ಟ ಗುಳ್ಳೆಗಳೇಳುತ್ತವೆ. ಛಾಯಾಗ್ರಾಹಕ ವಾದಿಮ್ ಯೂಸೊವ್ ಅವರ ಕ್ಯಾಮೆರಾ ಆ ಬಟ್ಟಲನ್ನು ಬಿಟ್ಟು ಏಳಲೊಲ್ಲದು. ಕಥೆಯ ಮುನ್ನಡೆಗೆ ಈ ಚಹದಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಆದರೆ ಮುಂದೆ ಎರಡು ಗಂಟೆಗಳ ಕಾಲ ಗಾಳಿ, ಮಳೆ, ಹಸುರು ಯಾವುದೂ ಇಲ್ಲದ ಲೋಹದ ಗೂಡಿನಲ್ಲಿ ಕುಳಿತಾಗ ನಮ್ಮ ಮನಸ್ಸು ಹಂಬಲಿಸುವುದು ಈ ಬಟ್ಟಲಿಗಾಗಿಯೇ.

ಇದಾದ ಮೇಲೆ ಬರುವುದು ಅನೇಕರ ತಾಳ್ಮೆಯನ್ನು ಪರೀಕ್ಷಿಸಿರುವ ದೃಶ್ಯ. ತಂದೆಯ ಹಳೆಯ ಗೆಳೆಯನಾದ ಬರ್ಟನ್ ಎಂಬ ವ್ಯೋಮಯಾತ್ರಿ ಮುನಿಸಿಕೊಂಡು ಕಾರಿನಲ್ಲಿ ನಗರಕ್ಕೆ ಹಿಂದಿರುಗುತ್ತಾನೆ. ಐದು ನಿಮಿಷಗಳಿಗೆ ಸಮೀಪ ನಾವು ರಸ್ತೆಯನ್ನೇ ನೋಡುತ್ತಿರುತ್ತೇವೆ! ಸುರಂಗಗಳು, ಮೇಲ್ಸೇತುವೆಗಳು, ಒಂದರ ಮೇಲೊಂದು ಹೆಣೆದುಕೊಂಡ ಹೆದ್ದಾರಿಗಳು. ಬಣ್ಣ ಇದ್ದಕ್ಕಿದ್ದಂತೆ ಕಪ್ಪುಬಿಳುಪಾಗುತ್ತದೆ, ಮತ್ತೆ ಬಣ್ಣ ಬರುತ್ತದೆ. ಕೊನೆಗೆ ಇರುಳಿನಲ್ಲಿ ಸಹಸ್ರ ದೀಪಗಳ ಪ್ರವಾಹ. ಭವಿಷ್ಯದ ನಗರವೆಂದು ತೋರಿಸಿದ ಇದು 1971ರ ಟೋಕಿಯೋ. ಒಸಾಕಾದಲ್ಲಿ 1970ರಲ್ಲಿ ನಡೆದ ವಿಶ್ವ ಪ್ರದರ್ಶನದ ಕಟ್ಟಡಗಳನ್ನು ಚಿತ್ರಿಸುವುದು ಮೊದಲಿನ ಯೋಜನೆ. ಪ್ರಯಾಣಕ್ಕೆ ತಡವಾಗಿ ಪ್ರದರ್ಶನ ಮುಗಿದುಹೋದುದರಿಂದ ತಂಡದವರು ನಗರದ ರಸ್ತೆಗಳನ್ನೇ ಬಳಸಿಕೊಂಡರು. ವಿಶೇಷವೇನೆಂದರೆ, ಇಷ್ಟು ದೀರ್ಘವಾಗಿ ರಸ್ತೆಯನ್ನು ತೋರಿಸಿದವರು ಗ್ರಹಾಂತರ ಪ್ರಯಾಣವನ್ನು ಕೆಲವೇ ಕ್ಷಣಗಳಲ್ಲಿ ಮುಗಿಸಿಬಿಡುತ್ತಾರೆ. ನಕ್ಷತ್ರಗಳು, ಕ್ರಿಸ್‌ನ ಕಣ್ಣುಗಳು, ಅಷ್ಟೇ. ಬೆಂಕಿಯುಗುಳುತ್ತ ಮೇಲೇರುವ ರಾಕೆಟ್ಟಿಗಾಗಿ ಕಾದಿದ್ದ ನನ್ನ ಮಗ, “ಹೊರಟಿದ್ದೇ ಗೊತ್ತಾಗಲಿಲ್ಲ!” ಎಂದು ಉದ್ಗರಿಸಿದ.

ಕಾಗದದ ಚೂರುಗಳು

ನಿಲ್ದಾಣದ ಒಳಾಂಗಣವನ್ನು ರೂಪಿಸಿದವರು ಕಲಾವಿದ ಮಿಖಾಯಿಲ್ ರೊಮಾದಿನ್. ಥಳಥಳಿಸುವ ಪ್ರಯೋಗಾಲಯವನ್ನು ನಿರೀಕ್ಷಿಸಿದವರಿಗೆ ಇಲ್ಲಿ ಕಾಣುವುದು ಬಳಸಿ ಬಳಸಿ ಸವೆದ ಮನೆ. ಉಂಗುರದಂತೆ ಬಾಗಿದ ಓಣಿಗಳಲ್ಲಿ ಹರಿದ ತಂತಿಗಳು, ಚೆಲ್ಲಾಪಿಲ್ಲಿಯಾದ ಸಾಮಾನುಗಳು. ದುಂಡನೆಯ ಕಿಟಕಿಯಾಚೆ ಸಾಗರ ಸುಳಿಸುಳಿಯಾಗಿ ತಿರುಗುತ್ತದೆ. ಅದಕ್ಕೆ ಮುಖವಿಲ್ಲ, ದನಿಯಿಲ್ಲ. ಆದರೆ ಅದು ನಮ್ಮನ್ನು ನೋಡುತ್ತಿದೆಯೆಂಬ ಭಾವನೆ ಒಂದು ಕ್ಷಣವೂ ಬಿಡುವುದಿಲ್ಲ.

ಈ ಭಾಗದಲ್ಲಿ ಬರುವ ಒಂದು ಸಣ್ಣ ಸಂಗತಿಯನ್ನು ನಾನು ಮರೆಯಲಾರೆ. ಸ್ನೌತ್ ಕ್ರಿಸ್‌ಗೆ ಒಂದು ಉಪಾಯ ಹೇಳಿಕೊಡುತ್ತಾನೆ: ಕಾಗದವನ್ನು ಸಣ್ಣ ಪಟ್ಟಿಗಳಾಗಿ ಹರಿದು ಗಾಳಿಯ ಕಿಂಡಿಗೆ ಅಂಟಿಸಬೇಕು. ರಾತ್ರಿ ಅವು ಅಲುಗಾಡುವಾಗ ಎಲೆಗಳು ಮರ್ಮರಿಸಿದಂತೆ ಕೇಳಿಸುತ್ತದೆ, ನಿದ್ದೆ ಬರುತ್ತದೆ. ಇದು ಸತ್ತುಹೋದ ಗಿಬಾರಿಯನ್ ಕಂಡುಹಿಡಿದ ಉಪಾಯ. ಕಟ್ಟಾ ವಿಜ್ಞಾನಿಯಾದ ಸಾರ್ಟೋರಿಯಸ್ ಇದನ್ನು ನೋಡಿ ನಗೆಯಾಡಿದವನು; ಆದರೆ ಅವನೂ ಇಂಥದೊಂದನ್ನು ಮಾಡಿ ಬೀರುವಿನಲ್ಲಿ ಬಚ್ಚಿಟ್ಟುಕೊಂಡಿದ್ದಾನೆ. ಒಂದು ಗ್ರಹದ ರಹಸ್ಯವನ್ನು ಭೇದಿಸಲು ಬಂದ ಮಹಾಮೇಧಾವಿಗಳು ಒಂದು ಮರದ ಸಪ್ಪಳಕ್ಕಾಗಿ ಕಾಗದ ಹರಿಯುತ್ತ ಕುಳಿತಿರುವ ಈ ಚಿತ್ರದಲ್ಲಿ ನಗೆಯೂ ಇದೆ, ಕರುಣೆಯೂ ಇದೆ.

ಖಾರಿಯ ಪಾತ್ರವನ್ನು ವಹಿಸಿದ ನತಾಲ್ಯಾ ಬೊಂದಾರ್ಚುಕ್ ಆಗಿನ್ನೂ ಇಪ್ಪತ್ತೊಂದರ ಆಸುಪಾಸಿನ ತರುಣಿ. ಎದುರಿಗೆ ಕ್ರಿಸ್ ಆಗಿ ಲಿಥುವೇನಿಯದ ಹೆಸರಾಂತ ನಟ ದೊನಾತಾಸ್ ಬಾನಿಯೋನಿಸ್. ಖಾರಿ ಮೊದಲ ಸಲ ಬಂದಾಗ ಗಾಬರಿಗೊಂಡ ಕ್ರಿಸ್ ಅವಳನ್ನು ಉಪಾಯದಿಂದ ರಾಕೆಟ್ಟಿನಲ್ಲಿ ಕೂರಿಸಿ ಶೂನ್ಯಕ್ಕೆ ಅಟ್ಟಿಬಿಡುತ್ತಾನೆ. ಅವಳು ಮತ್ತೆ ಬರುತ್ತಾಳೆ, ಅದೇ ಉಡುಪು, ಅದೇ ಶಾಲು. ಮೊದಲು ಬಂದವಳು ಕುರ್ಚಿಯ ಮೇಲೆ ಬಿಟ್ಟಿದ್ದ ಶಾಲಿನ ಪಕ್ಕದಲ್ಲಿ ಎರಡನೆಯವಳದೂ ಸೇರುತ್ತದೆ. ಒಂದೇ ಬಗೆಯ ಎರಡು ಶಾಲುಗಳು. ಯಾವ ಭಯಂಕರ ದೃಶ್ಯವೂ ಹುಟ್ಟಿಸಲಾರದ ನಡುಕವನ್ನು ಆ ಶಾಲುಗಳು ಹುಟ್ಟಿಸುತ್ತವೆ. ಅವಳ ಉಡುಪಿಗೆ ಬಿಚ್ಚಲು ಬರುವ ಕಟ್ಟೇ ಇಲ್ಲ, ಕತ್ತರಿಯಿಂದ ಸೀಳಬೇಕು. ಹೆಂಡತಿಯ ಉಡುಪಿನ ನೆನಪು ಗಂಡನಿಗಿದೆ. ಅವಳು ಅದನ್ನು ಹೇಗೆ ತೊಡುತ್ತಿದ್ದಳೆಂಬುದನ್ನು ಅವನು ಗಮನಿಸಿಯೇ ಇರಲಿಲ್ಲವೇನೋ! ಬೇರೆಯವರ ನೆನಪಿನಿಂದ ಕಟ್ಟಿದ ಜೀವ ತಾನೆಂಬುದು ಅವಳಿಗೆ ಕ್ರಮೇಣ ತಿಳಿಯುತ್ತದೆ. ತಾನು ಯಾರೆಂದು ಕೇಳಿಕೊಳ್ಳುವ ಆ ವೇದನೆಯಿಂದಲೇ ಅವಳು ನಮ್ಮೆಲ್ಲರಿಗಿಂತ ಹೆಚ್ಚಿನ ಮನುಷ್ಯಳಾಗುತ್ತಾಳೆ.

ಮೂವತ್ತು ಸೆಕೆಂಡುಗಳು

ನಿಲ್ದಾಣದ ನಡುವೆ ಒಂದು ಗ್ರಂಥಾಲಯ. ಹಸುರು ಗೋಡೆಗಳು, ಮರದ ಪೀಠೋಪಕರಣಗಳು, ಮೋಂಬತ್ತಿಯ ದೀಪಸ್ತಂಭಗಳು, ಹಳೆಯ ಪುಸ್ತಕಗಳು. ವಲಸೆ ಹೋಗುವವರು ಊರ ದೇವರ ಪಟವನ್ನು ಗಂಟಿನಲ್ಲಿ ಕಟ್ಟಿಕೊಂಡಂತೆ ಮನುಷ್ಯ ತನ್ನ ಲೋಕದಿಂದ ಎತ್ತಿಕೊಂಡು ಬಂದ ಆಸ್ತಿಯಿದು. ಗೋಡೆಯ ಮೇಲೆ ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರನ ಕೃತಿಗಳ ಪ್ರತಿಗಳಿವೆ. ಅವುಗಳಲ್ಲೊಂದು, 1565ರಲ್ಲಿ ಬರೆದ ‘ಹಿಮದಲ್ಲಿ ಬೇಟೆಗಾರರು’. ಮೂಲಚಿತ್ರ ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿದೆ. ದಣಿದ ಬೇಟೆಗಾರರು ನಾಯಿಗಳೊಡನೆ ಮನೆಗೆ ಮರಳುತ್ತಿದ್ದಾರೆ. ಕೆಳಗೆ ಹೆಪ್ಪುಗಟ್ಟಿದ ಕೊಳಗಳ ಮೇಲೆ ಜನ ಜಾರಾಡುತ್ತಿದ್ದಾರೆ.

ಖಾರಿ ಈ ಚಿತ್ರವನ್ನು ದಿಟ್ಟಿಸುತ್ತ ಕುಳಿತಿದ್ದಾಳೆ. ಕ್ಯಾಮೆರಾ ಅವಳ ಕಣ್ಣಾಗಿ ಅದರೊಳಗೆ ಅಲೆಯುತ್ತದೆ: ಕಪ್ಪು ಕೊಂಬೆ, ಹಾರುವ ಹಕ್ಕಿ, ನಾಯಿಯ ಬೆನ್ನು, ದೂರದ ಸೂರು. ಮೌನವಾಗಿದ್ದ ಚಿತ್ರದಿಂದ ಹಕ್ಕಿಗಳ ಉಲಿ, ನಾಯಿಯ ಬೊಗಳು, ಗಂಟೆಯ ನಾದ ಮೆಲ್ಲನೆ ಹೊಮ್ಮುತ್ತವೆ. ಭೂಮಿಯಲ್ಲಿ ಎಂದೂ ಹುಟ್ಟದವಳು, ಹಿಮವನ್ನು ಎಂದೂ ಮುಟ್ಟದವಳು, ಅದನ್ನು ನೋಡಿ ನೋಡಿಯೇ ತನ್ನದಾಗಿಸಿಕೊಳ್ಳುತ್ತಾಳೆ. ನಾವು ದಿನವೂ ಕಂಡು ಅಸಡ್ಡೆ ಮಾಡುವುದನ್ನು ಇಷ್ಟು ಶ್ರದ್ಧೆಯಿಂದ ನೋಡುವವಳು ಮನುಷ್ಯಳಲ್ಲವೆಂದು ಹೇಳುವ ಧೈರ್ಯ ಯಾರಿಗಿದ್ದೀತು?

ಆಗಲೇ ನಿಲ್ದಾಣ ತನ್ನ ಕಕ್ಷೆಯನ್ನು ಬದಲಿಸುವ ಸಮಯ ಬರುತ್ತದೆ. ಮೂವತ್ತು ಸೆಕೆಂಡುಗಳ ಕಾಲ ವಸ್ತುಗಳು ಭಾರವನ್ನು ಕಳೆದುಕೊಳ್ಳುತ್ತವೆ. ಉರಿಯುವ ಮೋಂಬತ್ತಿಗಳು ತೇಲಿಹೋಗುತ್ತವೆ, ತೆರೆದ ಪುಸ್ತಕವೊಂದು ತೇಲಿಬರುತ್ತದೆ, ಗಂಡ–ಹೆಂಡತಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನೆಲಬಿಟ್ಟು ಮೇಲೇಳುತ್ತಾರೆ. ಹಿನ್ನೆಲೆಯಲ್ಲಿ ಬಾಕ್ ಮಹಾಶಯನ ಆರ್ಗನ್ ವಾದ್ಯದ ಪ್ರಾರ್ಥನಾ ಸಂಗೀತ. ಇಡೀ ಚಿತ್ರದಲ್ಲಿ ‘ಅಂತರಿಕ್ಷದ ಚಮತ್ಕಾರ’ ಎನ್ನಬಹುದಾದದ್ದು ಇದೊಂದೇ. ಅದೂ ದಾಂಪತ್ಯದ ಒಂದು ನಿಮಿಷದ ಸುಖವನ್ನು ಹೇಳುವುದಕ್ಕಾಗಿ ಬಂದದ್ದು. ಇದರ ಬೆನ್ನಿಗೇ ದುರಂತವಿದೆ. ಖಾರಿ ದ್ರವರೂಪದ ಆಮ್ಲಜನಕವನ್ನು ಕುಡಿದು ಸಾಯಲೆತ್ನಿಸುತ್ತಾಳೆ. ಸಾಗರ ಅವಳಿಗೆ ಸಾವನ್ನೂ ಕೊಡುವುದಿಲ್ಲ.

ಸಂಗೀತದ ವಿಷಯವಾಗಿ ಒಂದು ಮಾತು. ಬಾಕ್ ಭೂಮಿಯ ದನಿಯಾದರೆ, ಸಾಗರದ ದನಿಯನ್ನು ಒದಗಿಸಿದವರು ಎದ್ವಾರ್ದ್ ಅರ್ತೇಮ್ಯೆವ್. ಇದಕ್ಕಾಗಿ ಅವರು ಬಳಸಿದ್ದು ರಷ್ಯದ ಇಂಜಿನಿಯರ್ ಯೆವ್ಗೇನಿ ಮೂರ್ಜಿನ್ ನಿರ್ಮಿಸಿದ ‘ಎ.ಎನ್.ಎಸ್.’ ಎಂಬ ಯಂತ್ರವನ್ನು. ಗಾಜಿನ ಫಲಕದ ಮೇಲೆ ಗೆರೆಗಳನ್ನು ಗೀಚಿದರೆ ಅವುಗಳ ಮೂಲಕ ಹಾಯುವ ಬೆಳಕು ನಾದವಾಗಿ ಹೊರಡುತ್ತದೆ. ಆ ನಾದ ರಾಗವೋ, ಗಾಳಿಯೋ, ಯಾರದೋ ಉಸಿರೋ ಎಂದು ಹೇಳಲಾಗದು.

ನಿಧಾನ ದೋಷವೇ?

ಈ ಚಿತ್ರವನ್ನು ಒಪ್ಪದವರಲ್ಲಿ ಮೊದಲಿಗರು ಮೂಲ ಲೇಖಕರಾದ ಲೆಮ್ ಅವರೇ. ಮನುಷ್ಯನ ಬುದ್ಧಿಗೆ ನಿಲುಕದ ಅನ್ಯಜೀವವನ್ನು ಕುರಿತು ತಾವು ಬರೆದರೆ, ತಾರ್ಕೋವ್‌ಸ್ಕಿ ಅದನ್ನು ಬಿಟ್ಟು ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ತೆಗೆದರೆಂಬುದು ಅವರ ಆಕ್ಷೇಪ. ಸ್ವತಃ ತಾರ್ಕೋವ್‌ಸ್ಕಿಗೂ ಪೂರ್ಣ ಸಮಾಧಾನವಿರಲಿಲ್ಲ. ಚಿತ್ರದಲ್ಲಿ ವಿಜ್ಞಾನಕಥೆಯ ಪರಿಕರಗಳೇ ಅತಿಯಾದವೆಂದು ಮುಂದೆ ಅವರು ಬರೆದರು. ಅಮೆರಿಕದ ಸ್ಟ್ಯಾನ್ಲಿ ಕುಬ್ರಿಕ್ 1968ರಲ್ಲಿ ಮಾಡಿದ ‘2001: ಎ ಸ್ಪೇಸ್ ಒಡಿಸ್ಸಿ’ ಅವರಿಗೆ ತಣ್ಣಗಿನ ಚಿತ್ರವಾಗಿ ತೋರಿತ್ತು. ಎರಡೂ ನಿಧಾನವಾದ, ಎರಡೂ ಸುಂದರವಾದ ಚಿತ್ರಗಳೇ. ಒಂದರಲ್ಲಿ ಯಂತ್ರಗಳು ನರ್ತಿಸುವುದನ್ನು ನೋಡಿ ಬೆರಗಾಗುತ್ತೇವೆ. ಇನ್ನೊಂದರಲ್ಲಿ ಯಂತ್ರದ ನಡುವೆ ಸಿಕ್ಕ ಮನುಷ್ಯ ಕಿಟಕಿಯ ಬಳಿ ಬೆಳೆಸಿದ ಒಂದು ಗಿಡವನ್ನು ನೋಡಿ ಕಣ್ಣು ಹನಿಗೂಡುತ್ತದೆ.

ಚಿತ್ರ ದೀರ್ಘವೆಂಬುದನ್ನು ನಾನು ಅಲ್ಲಗಳೆಯಲಾರೆ. ಟೋಕಿಯೋ ರಸ್ತೆ ಇನ್ನೂ ಒಂದು ನಿಮಿಷ ಮೊದಲೇ ಮುಗಿದಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ. ವಿಜ್ಞಾನಿಗಳ ಚರ್ಚೆ ಕೆಲವೆಡೆ ಉಪನ್ಯಾಸವಾಗುತ್ತದೆ. ಆದರೆ ಮೊದಲ ಭಾಗದಲ್ಲಿ ಕ್ರಿಸ್ ಹೇಗಿದ್ದನೆಂಬುದನ್ನು ನೆನೆಯಿರಿ. ತಂದೆ ಎದುರಿಗಿದ್ದರೂ ನೋಡದವನು. ಹೆಂಡತಿಯ ದುಃಖ ಕಂಡರೂ ಬಾಗಿಲೆಳೆದುಕೊಂಡು ಹೊರಟುಹೋದವನು. ನೋಡಲು ಅವನಿಗೆ ವೇಳೆಯಿರಲಿಲ್ಲ. ಅವನು ನೋಡದಿದ್ದುದನ್ನೆಲ್ಲ ಚಿತ್ರ ಅವನ ಪರವಾಗಿ, ಒಂದು ಪ್ರಾಯಶ್ಚಿತ್ತದಂತೆ, ನಿಂತು ನೋಡುತ್ತದೆ. ನಾವೂ ನೋಡುವಂತೆ ಮಾಡುತ್ತದೆ. ಈ ನಿಧಾನವನ್ನು ಕಿತ್ತುಹಾಕಿದರೆ ಕಥೆ ಉಳಿದೀತು, ಅದರ ಅರ್ಥ ಉಳಿಯದು.

ಮನೆಯೊಳಗಿನ ಮಳೆ

ಕೊನೆಯ ದೃಶ್ಯ. ಕ್ರಿಸ್ ಮತ್ತೆ ಅದೇ ಕೊಳದ ಬಳಿ ನಿಂತಿದ್ದಾನೆ. ಆದರೆ ನೀರು ಹೆಪ್ಪುಗಟ್ಟಿದೆ. ನಾಯಿ ಓಡಿಬರುತ್ತದೆ. ಅವನು ಮನೆಯ ಕಿಟಕಿಯಿಂದ ಒಳಗೆ ಇಣುಕುತ್ತಾನೆ. ಒಳಗೆ ತಂದೆ ಪುಸ್ತಕಗಳ ನಡುವೆ ಏನೋ ಮಾಡುತ್ತಿದ್ದಾನೆ, ಮತ್ತು ಅವನ ಮೇಲೆ ಮಳೆ ಸುರಿಯುತ್ತಿದೆ! ಹೊರಗೆ ಮಳೆಯಿಲ್ಲ, ಮನೆಯೊಳಗೆ ಧಾರೆ. ತೊಯ್ದ ಬೆನ್ನಿನಿಂದ ಹಬೆಯೇಳುತ್ತಿದ್ದರೂ ತಂದೆಗೆ ಅದರ ಪರಿವೆಯೇ ಇಲ್ಲ.

“ಅಜ್ಜೀ, ಮನೆ ಒಳಗೆ ಯಾಕೆ ಮಳೆ?” ಎಂದ ನನ್ನ ಮಗ. ರಾಕೆಟ್ಟಿನ ಮಾತನ್ನು ಅವನು ಯಾವಾಗಲೋ ಮರೆತಿದ್ದ.

ತಾಯಿ ಕೂಡಲೇ ಉತ್ತರಿಸಲಿಲ್ಲ. ನಮ್ಮೂರಿನ ಹಳೆಯ ಮನೆಯನ್ನು ಮಾರಿ ಇಪ್ಪತ್ತು ವರ್ಷಗಳಾಗಿವೆ. ಕೊಂಡವರು ಅದನ್ನು ಕೆಡವಿ ಬೇರೆ ಕಟ್ಟಿದ್ದಾರೆ. ಆ ಮನೆಯ ಯಾವ ಮೂಲೆಯಲ್ಲಿ ಏನಿತ್ತೆಂದು ಅವರು ಇಂದಿಗೂ ಹೇಳಬಲ್ಲರು. “ಆ ಸಮುದ್ರ ತಾನೇ ಕಟ್ಟಿರೋದು ಈ ಮನೇನ?” ಎಂದರು ಕೊನೆಗೆ. “ಅದಕ್ಕೆ ಮನೆ ಗೊತ್ತು, ಮಳೆ ಗೊತ್ತು. ಸೂರು ಯಾತಕ್ಕೆ ಇರುತ್ತೆ ಅನ್ನೋದು ಗೊತ್ತಿಲ್ಲ ಕಣೋ. ಅಲ್ಲಿ ಬಾಳಿದೋರಿಗೆ ತಾನೇ ಅದು ಗೊತ್ತಿರೋದು?”

ತೆರೆಯ ಮೇಲೆ ತಂದೆ ಹೊಸ್ತಿಲಿಗೆ ಬರುತ್ತಾನೆ. ಮಗ ಮೊಣಕಾಲೂರಿ ಅವನನ್ನು ಅಪ್ಪಿಕೊಳ್ಳುತ್ತಾನೆ. ರೆಂಬ್ರಾಂಟ್ ಚಿತ್ರಿಸಿದ, ಮನೆಬಿಟ್ಟು ಹೋಗಿ ಮರಳಿ ಬಂದ ಮಗನ ಭಂಗಿಯದು. ಕ್ಯಾಮೆರಾ ಮೇಲೇರುತ್ತದೆ, ಮೋಡಗಳನ್ನು ದಾಟುತ್ತದೆ. ಮನೆ, ಮರ, ಕೊಳ ಎಲ್ಲವೂ ಸೊಲಾರಿಸ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪವೆಂಬುದು ಆಗ ತಿಳಿಯುತ್ತದೆ. ಕ್ರಿಸ್ ಭೂಮಿಗೆ ಮರಳಲೇ ಇಲ್ಲವೆ? ಅಥವಾ ಮರಳುವ ಕನಸನ್ನು ಸಾಗರ ಅವನಿಗೆ ದಯಪಾಲಿಸಿತೆ? ಚಿತ್ರ ಅದನ್ನು ಹೇಳುವುದಿಲ್ಲ. ಕ್ಷಮೆ ಕೇಳಬೇಕಾದ ತಂದೆಯೆದುರು ಮೊಣಕಾಲೂರಲು ಒಬ್ಬ ಮಗ ಅಷ್ಟು ದೂರ ಹೋಗಬೇಕಾಯಿತೆಂಬುದನ್ನು ಮಾತ್ರ ಹೇಳುತ್ತದೆ.

ತಾರ್ಕೋವ್‌ಸ್ಕಿ 1986ರ ಡಿಸೆಂಬರ್ 29ರಂದು, ತಾಯ್ನಾಡಿನಿಂದ ದೂರ, ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಅವರ ತಂದೆ, ಕವಿ ಅರ್ಸೇನಿ ತಾರ್ಕೋವ್‌ಸ್ಕಿ, ಆಗಿನ್ನೂ ಸ್ವದೇಶದಲ್ಲಿ ಬದುಕಿದ್ದರು. ಈ ಸಂಗತಿಯನ್ನು ತಿಳಿದು ನೋಡಿದವರಿಗೆ ಹೊಸ್ತಿಲಿನ ಆ ಆಲಿಂಗನ ಇನ್ನೂ ಭಾರವಾಗಿ ಕಾಣದಿರದು.

ಈ ಚಿತ್ರವನ್ನು ನೋಡಬೇಕೆನ್ನುವ ಓದುಗರಲ್ಲಿ ಒಂದು ವಿಜ್ಞಾಪನೆ. ಬಿಡುವಿರುವ ಸಂಜೆಯನ್ನು ಆರಿಸಿಕೊಳ್ಳಿರಿ. ದೀಪವಾರಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ನಮಗೆ ಕಾಣದ್ದು ಅವರಿಗೆ ಕಂಡೀತು. ಅಂದು ಚಿತ್ರ ಮುಗಿದಾಗ ರಾತ್ರಿ ಹತ್ತೂವರೆ. ದೀಪ ಹಾಕಲು ಎದ್ದ ನನ್ನನ್ನು ಮಗ ತಡೆದ. ಹೊರಗೆ ನಿಜವಾಗಿಯೇ ಮಳೆ ಹಿಡಿದಿತ್ತು. ಕಿಟಕಿಯಾಚೆ ಹೊಂಗೆಯ ಮರ ತೊಯ್ಯುತ್ತಿತ್ತು. ಸ್ವಲ್ಪ ಹೊತ್ತು ಮೂವರೂ ಕತ್ತಲಲ್ಲಿ ಕುಳಿತು ಆ ಸಪ್ಪಳವನ್ನು ಕೇಳಿದೆವು.